ಎತ್ತಿನ ಗಾಡಿಯಿಂದ ಚಂದ್ರನ ಅಂಗಳಕ್ಕೆ

ಈ ತಿಂಗಳ ಅಧ್ಯಯನ ಪಾಠ
ಮೊದಲು ಓದಿಕೊಳ್ಳಬೇಕಾದ ವಾಕ್ಯಭಾಗಗಳು: ಕೀರ್ತನೆ 8, ಯೊವಾನ್ನ 6:1-13, ಪ್ರೇಷಿತರ ಕಾರ್ಯಕಲಾಪಗಳು 1:6-11



ಎಂಟನೆಯ ಕೀರ್ತನೆಯನ್ನು ಹಾಡಿದ ಭಕ್ತನು ರಾತ್ರಿಯ ಆಕಾಶವನ್ನು ನೋಡಿ ಬೆರಗಾಗುತ್ತಾನೆ. ಇಷ್ಟು ದೊಡ್ಡ ಆಕಾಶದ ಕೆಳಗೆ ಇಷ್ಟು ಚಿಕ್ಕ ಮನುಷ್ಯನನ್ನು ದೇವರು ನೆನಪಿಟ್ಟುಕೊಂಡಿದ್ದಾರಲ್ಲ ಎಂಬುದೇ ಅವನ ಆಶ್ಚರ್ಯ. ಅವನು ನೋಡಿದ ಚಂದ್ರನೇ ನಮ್ಮ ಹೇಮಾವತಿಯ ಮೇಲೂ, ಮಡಕಶಿರಾ, ರಾಯದುರ್ಗಗಳ ಮೇಲೂ ಹುಟ್ಟಿ ಮುಳುಗುತ್ತಾನೆ. ಒಂದೇ ವ್ಯತ್ಯಾಸ. ಕೀರ್ತನೆಗಾರನ ಚಂದ್ರ ಯಾರ ಕೈಗೂ ಎಟುಕದವನು. ನಮ್ಮ ಮಕ್ಕಳ ಚಂದ್ರನ ಮೇಲೆ ನಮ್ಮವರೇ ಕಳಿಸಿದ ಯಂತ್ರವೊಂದು 2023ರ ಆಗಸ್ಟ್ 23ರ ಸಂಜೆಯಿಂದ ನಿಂತಿದೆ.

ಆ ಸಂಜೆ ಟಿ.ವಿ. ಮುಂದೆ ಕುಳಿತಿದ್ದ ನಮ್ಮ ಹಿರಿಯರಲ್ಲಿ ಕೆಲವರು ಬಾಲ್ಯದಲ್ಲಿ ವಿಮಾನದ ಸದ್ದು ಕೇಳಿದರೆ ಹೊಲದ ಕೆಲಸ ಬಿಟ್ಟು ಆಕಾಶ ನೋಡಿದವರು. ಒಂದೇ ಜೀವ, ಒಂದೇ ಜೋಡಿ ಕಣ್ಣು. ಕಂಡದ್ದು ಎತ್ತಿನ ಗಾಡಿಯನ್ನೂ ಹೌದು, ಚಂದ್ರಯಾನವನ್ನೂ ಹೌದು. ಇಷ್ಟು ವೇಗವಾದ ಬದಲಾವಣೆಯನ್ನು ವಿಶ್ವಾಸಿಗಳಾದ ನಾವು ಹೇಗೆ ನೋಡಬೇಕು? ಇದರಲ್ಲಿ ದೇವರ ಮಾತೇನಾದರೂ ನಮಗೆ ಇದೆಯೇ? ಈ ತಿಂಗಳ ಪಾಠದಲ್ಲಿ ಇದನ್ನು ವಿಚಾರಿಸೋಣ.

1. ಸಾವಿರ ವರ್ಷ, ಒಂದೇ ವೇಗ

ಹೇಮಾವತಿ ಇಂದು ಅಮರಾಪುರ ಮಂಡಲದ ಒಂದು ಹಳ್ಳಿ. ಸಾವಿರ ವರ್ಷಗಳ ಹಿಂದೆ ಇದು ಹೆಂಜೇರು ಎಂಬ ಹೆಸರಿನ ಪಟ್ಟಣ, ನೊಳಂಬ ಅರಸರ ರಾಜಧಾನಿ. ಅವರು ಕಟ್ಟಿಸಿದ ಗುಡಿಗಳೂ ನುಣುಪಾದ ಕಪ್ಪುಕಲ್ಲಿನ ಕಂಬಗಳೂ ಕನ್ನಡ ಶಾಸನಗಳೂ ಇಂದಿಗೂ ನಮ್ಮ ನಡುವೆ ಇವೆ.

ಹೆಂಜೇರಿನ ಅರಸನು ದೂರದ ಊರಿಗೆ ತುರ್ತಾಗಿ ಓಲೆ ಕಳಿಸಬೇಕಾದರೆ ಏನು ಮಾಡುತ್ತಿದ್ದ? ಕುದುರೆ ಸವಾರನನ್ನು ಕಳಿಸುತ್ತಿದ್ದ. ನೊಳಂಬರ ನಂತರ ಚೋಳರು ಬಂದರು, ಹೊಯ್ಸಳರು ಬಂದರು, ವಿಜಯನಗರದವರು ಬಂದರು, ಪಾಳೆಯಗಾರರು ಬಂದರು, ಕೊನೆಗೆ ಕಂಪನಿ ಸರ್ಕಾರವೂ ಬಂತು. ರಾಜ್ಯಗಳು ಬದಲಾದವು, ಆದರೆ ಓಲೆಯ ವೇಗ ಬದಲಾಗಲಿಲ್ಲ. 1890ರ ದಶಕದಲ್ಲಿ ಹಿಂದೂಪುರಕ್ಕೆ ರೈಲು ಬರುವವರೆಗೂ ಈ ಸೀಮೆಯ ಮನುಷ್ಯನಿಗೆ ಕುದುರೆಗಿಂತ ವೇಗವಾದ ವಾಹನವೇ ಇರಲಿಲ್ಲ. ಅಬ್ರಹಾಮನ ಕಾಲದಿಂದ ನಮ್ಮ ಮುತ್ತಜ್ಜನ ಕಾಲದವರೆಗೆ ದಾರಿ ಸವೆಸುವ ಬಗೆ ಹೆಚ್ಚುಕಡಿಮೆ ಒಂದೇ ಎಂದು ಹೇಳಿದರೆ ತಪ್ಪಾಗಲಾರದು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಮುಂದೆ ನಡೆದದ್ದರ ವೇಗ ನಮಗೆ ಅರ್ಥವಾಗುತ್ತದೆ.

2. ಹನ್ನೆರಡು ಸೆಕೆಂಡು

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಎಂಬಲ್ಲಿ ಆರ್ವಿಲ್ ರೈಟ್ ಎಂಬ ಯುವಕ ತಾನೂ ತನ್ನ ಅಣ್ಣ ವಿಲ್ಬರ್ ಕೂಡ ಸೇರಿ ಕಟ್ಟಿದ ಯಂತ್ರದಲ್ಲಿ ನೆಲ ಬಿಟ್ಟು ಮೇಲೆದ್ದ. ಹಾರಿದ್ದು ಹನ್ನೆರಡು ಸೆಕೆಂಡು, ದಾಟಿದ್ದು 120 ಅಡಿ. ನಮ್ಮ ಊರಿನ ದೇವಾಲಯದ ಬಾಗಿಲಿನಿಂದ ರಸ್ತೆಯವರೆಗೆ ನಡೆದಷ್ಟು ದೂರ. ಇಬ್ಬರೂ ಸೈಕಲ್ ಅಂಗಡಿ ಇಟ್ಟುಕೊಂಡವರು, ಕಾಲೇಜು ಓದಿದವರಲ್ಲ. ಅವರ ತಂದೆ ಮಿಲ್ಟನ್ ರೈಟ್ ಒಂದು ಪ್ರಾಟೆಸ್ಟೆಂಟ್ ಸಭೆಯ ಬಿಷಪ್ ಆಗಿದ್ದರು. ಮಕ್ಕಳಿಬ್ಬರೂ ಒಂದೇ ವಿಮಾನದಲ್ಲಿ ಹಾರಬಾರದೆಂದು ಅವರು ಮಾತು ತೆಗೆದುಕೊಂಡಿದ್ದರು. ಒಂದು ವೇಳೆ ಬಿದ್ದರೆ ಇಬ್ಬರನ್ನೂ ಕಳೆದುಕೊಳ್ಳಬಾರದು ಎಂಬ ತಂದೆಯ ಕಳವಳ ಅದು. 1910ರಲ್ಲಿ, 81 ವರ್ಷದ ಆ ಮುದುಕ ತಾನೇ ಮಗನ ಪಕ್ಕದಲ್ಲಿ ಕುಳಿತು ಹಾರಿದರು. ಹೆದರುತ್ತಾರೇನೋ ಎಂದುಕೊಂಡರೆ, ಇನ್ನೂ ಮೇಲಕ್ಕೆ ಹೋಗು ಎಂದು ಮಗನಿಗೆ ಹೇಳಿದರಂತೆ.

ಮರುವರ್ಷವೇ ವಿಮಾನ ನಮ್ಮ ದೇಶದಲ್ಲೂ ಕೆಲಸಕ್ಕೆ ನಿಂತಿತು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆಯನ್ನು ದಾಟಿ ನೈನಿಗೆ ಫ್ರಾನ್ಸಿನ ಆನ್ರಿ ಪೆಕೆ ಎಂಬ ಚಾಲಕ ಸುಮಾರು 6500 ಪತ್ರಗಳನ್ನು ಹಾರಿಸಿಕೊಂಡು ಹೋದ. ಲೋಕದಲ್ಲೇ ಮೊದಲ ಅಧಿಕೃತ ವಿಮಾನ ಅಂಚೆ ಅದು. ಆ ಅಂಚೆಯಿಂದ ಬಂದ ಹಣ ಅಲಹಾಬಾದಿನ ಒಂದು ಚರ್ಚಿನವರು ನಡೆಸುತ್ತಿದ್ದ ವಿದ್ಯಾರ್ಥಿ ನಿಲಯಕ್ಕೆ ಸಂದಿತು. ವಿಮಾನದ ಇತಿಹಾಸದ ಮೊದಲ ಪುಟಗಳಲ್ಲೇ ಹೀಗೆ ವಿದ್ಯಾರ್ಥಿಗಳ ನೆರಳಿದೆ.

ಧರ್ಮಸಭೆಯೂ ಈ ಹೊಸ ಸಾಹಸವನ್ನು ದೂರವಿಡಲಿಲ್ಲ. 1920ರ ಮಾರ್ಚ್ 24ರಂದು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಲೊರೆತೊ ಮಾತೆಯನ್ನು ವಿಮಾನ ಚಾಲಕರ ಪಾಲಕಿಯೆಂದು ಘೋಷಿಸಿದರು. ಮರಿಯಮ್ಮನವರ ನಜರೇತಿನ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಯ ಲೊರೆತೊ ಊರಿಗೆ ತಂದರೆಂಬುದು ಅಲ್ಲಿನ ಪರಂಪರೆ. ಡಿಸೆಂಬರ್ 10ರಂದು ಈ ಸ್ಮರಣೆ ಬರುತ್ತದೆ. ವಿಮಾನದಲ್ಲಿ ದುಡಿಯುವ, ವಿಮಾನವೇರಿ ಪರದೇಶಕ್ಕೆ ಹೋದ ನಮ್ಮ ಮಕ್ಕಳಿಗಾಗಿ ಆ ದಿನ ಒಂದು ಜಪಮಾಲೆ ಹೇಳುವುದು ಒಳ್ಳೆಯದು.

3. ಬಳ್ಳಾರಿಗೆ ಬಂದ ಅಂಚೆ, ಅದಮಾರಿನಲ್ಲಿ ಹುಟ್ಟಿದ ಮಗು

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಟ್ಟದೊಂದು ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆ ತಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯ ಮೇಲೆ ಬಂತು. ಮುಂಬಯಿಯಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ಮುಂದೆ ಏರ್ ಇಂಡಿಯಾ ಆಗಿ ಬೆಳೆದದ್ದು ಇದೇ ಅಂಚೆ ಸೇವೆ.

ಬಳ್ಳಾರಿ ನಮಗೆ ಪರಸ್ಥಳವಲ್ಲ. ಆಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು; 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅದು ಅನಂತಪುರ ಜಿಲ್ಲೆಗೆ ಸೇರಿತು. ಆದ್ದರಿಂದ ನಮ್ಮ ಸೀಮೆಯ ಜಿಲ್ಲಾ ಕೇಂದ್ರಕ್ಕೆ ವಿಮಾನ ಬಂದದ್ದು ದೇಶದ ವಿಮಾನಯಾನದ ಮೊದಲ ದಿನಗಳಲ್ಲೇ.

ಆ ವಿಮಾನ ಬಳ್ಳಾರಿಗೆ ಇಳಿಯುವ ಹೊತ್ತಿಗೆ ಉಡುಪಿಯ ಹತ್ತಿರದ ಅದಮಾರು ಎಂಬ ಹಳ್ಳಿಯಲ್ಲಿ ಒಂದು ಗಂಡುಮಗುವಿಗೆ ಏಳು ತಿಂಗಳು. 1932ರ ಮಾರ್ಚ್ 10ರಂದು ಹುಟ್ಟಿದ ಆ ಮಗುವೇ ಮುಂದೆ ಭಾರತದ ಉಪಗ್ರಹಗಳ ಪಿತಾಮಹರೆನಿಸಿದ ಪ್ರೊ. ಯು.ಆರ್. ರಾವ್, ಉಡುಪಿ ರಾಮಚಂದ್ರ ರಾವ್. ಈ ಪಾಠದಲ್ಲಿ ಅವರ ಆಯುಷ್ಯವನ್ನೇ ನಮ್ಮ ಅಳತೆಗೋಲಾಗಿ ಹಿಡಿಯೋಣ. ಹಾಗೆ ಹಿಡಿಯಲು ನಮಗೊಂದು ವಿಶೇಷ ಕಾರಣವೂ ಇದೆ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಈ ಹುಡುಗ ಬಿ.ಎಸ್ಸಿ. ಓದಲು ಬಂದದ್ದು ನಮ್ಮ ಅನಂತಪುರದ ಸರ್ಕಾರಿ ಕಾಲೇಜಿಗೆ. ಕನ್ನಡ ಮನೆಮಾತಿನ ಹಳ್ಳಿಯ ಹುಡುಗನೊಬ್ಬ, ತೆಲುಗು ಊರಿನ ಸಾಧಾರಣ ಸರ್ಕಾರಿ ಕಾಲೇಜಿನಲ್ಲಿ ಕುಳಿತು ಭೌತಶಾಸ್ತ್ರ ಕಲಿತ. ಅಲ್ಲಿಂದ ಬನಾರಸಿಗೆ, ಬನಾರಸಿನಿಂದ ಅಹಮದಾಬಾದಿನಲ್ಲಿದ್ದ ಡಾ. ವಿಕ್ರಮ್ ಸಾರಾಭಾಯಿ ಅವರ ಬಳಿಗೆ, ಆಮೇಲೆ ಅಮೆರಿಕಕ್ಕೆ ಹೋದ. ಗಡಿಯ ಶಾಲೆಯಲ್ಲಿ ಓದಿದರೆ ಏನಾದೀತು ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ.

4. ರೆಕ್ಕೆಯ ಕೆಳಗಿನ ಕತ್ತಲೆ

ಆ ಹುಡುಗನಿಗೆ ಎಂಟು ವರ್ಷವಾಗಿದ್ದಾಗ, 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಈಗ ಎಲ್ಲರೂ ಎಚ್.ಎ.ಎಲ್. ಎಂದು ಕರೆಯುವುದು ಅದನ್ನೇ. ಅಂದು ಯುದ್ಧ ನಡೆಯುತ್ತಿತ್ತು, ವಿಮಾನ ಬೇಕಾಗಿದ್ದುದೂ ಯುದ್ಧಕ್ಕೇ.

ಅವನಿಗೆ ಹದಿಮೂರು ವರ್ಷವಾಗಿದ್ದಾಗ, 1945ರ ಆಗಸ್ಟ್ 6ರಂದು, ಒಂದು ವಿಮಾನ ಜಪಾನಿನ ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿತು. ಆ ದಿನ ಪ್ರಭುವಿನ ರೂಪಾಂತರದ ಹಬ್ಬ. ಬೆಟ್ಟದ ಮೇಲೆ ಪ್ರಭುವಿನ ಮುಖ ಸೂರ್ಯನಂತೆ ಬೆಳಗಿದ್ದನ್ನು ನಾವು ನೆನೆಯುವ ದಿನ ಮನುಷ್ಯ ಮಾಡಿದ ಇನ್ನೊಂದು ಬೆಳಕು ಒಂದು ನಗರವನ್ನೇ ಸುಟ್ಟಿತು. ಮೂರು ದಿನಗಳ ನಂತರ ನಾಗಸಾಕಿಯ ಸರದಿ. ಅಲ್ಲಿನ ಉರಕಾಮಿ ಬಡಾವಣೆ ಜಪಾನಿನ ಕಥೋಲಿಕರ ಹಳೆಯ ನೆಲೆ. ಇನ್ನೂರಕ್ಕೂ ಹೆಚ್ಚು ವರ್ಷ ಗುರುಗಳೇ ಇಲ್ಲದೆ, ಹಿಂಸೆಯ ನಡುವೆ, ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡು ಬಂದ ಅಲ್ಪಸಂಖ್ಯಾತ ಜನ ಅವರು. ಮಾತೆಯ ಸ್ವರ್ಗಸ್ವೀಕಾರದ ಹಬ್ಬ ಹತ್ತಿರವಿದ್ದುದರಿಂದ ಆ ಹೊತ್ತಿನಲ್ಲಿ ದೇವಾಲಯದಲ್ಲಿ ಪಾಪನಿವೇದನೆ ನಡೆಯುತ್ತಿತ್ತು. ಒಳಗಿದ್ದವರೆಲ್ಲ ಗುರುಗಳೊಂದಿಗೆ ಸತ್ತರು. ಆ ಧರ್ಮಕೇಂದ್ರದ ಸಾವಿರಾರು ವಿಶ್ವಾಸಿಗಳು ಒಂದೇ ದಿನದಲ್ಲಿ ಇಲ್ಲವಾದರು.

ಕಿಟ್ಟಿ ಹಾಕಿನ ಆ ಹನ್ನೆರಡು ಸೆಕೆಂಡಿಗೂ ನಾಗಸಾಕಿಗೂ ನಡುವೆ 42 ವರ್ಷ ಕೂಡ ತುಂಬಿರಲಿಲ್ಲ. ಆರ್ವಿಲ್ ರೈಟ್ ಆಗ ಬದುಕಿದ್ದರು. ತಾವು ಕಲಿಸಿದ ವಿದ್ಯೆ ಎಲ್ಲಿಗೆ ಮುಟ್ಟಿತೆಂದು ಅವರೂ ಕೇಳಿ ತಿಳಿದರು. ಅವರು ತೀರಿಕೊಂಡದ್ದು 1948ರ ಜನವರಿ 30ರಂದು. ನಮ್ಮ ಬಾಪೂಜಿ ಗುಂಡಿಗೆ ಬಲಿಯಾದ ದಿನವೇ.

ಬಾಬೆಲ್ ಗೋಪುರದ ಕಥೆಯನ್ನು ಆದಿಕಾಂಡದ 11ನೇ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿ ಇಟ್ಟಿಗೆಯ ದೋಷವೇನೂ ಇರಲಿಲ್ಲ. ಆಕಾಶ ಮುಟ್ಟಿ ತಮಗೆ ಹೆಸರು ಗಳಿಸಬೇಕೆಂಬ ಬಯಕೆಯಲ್ಲಿ ದೋಷವಿತ್ತು. ವಿಮಾನದ ವಿಷಯವೂ ಅಷ್ಟೇ. ಅಲಹಾಬಾದಿನಲ್ಲಿ ಪತ್ರ ಹೊತ್ತದ್ದೂ ವಿಮಾನವೇ, ನಾಗಸಾಕಿಯಲ್ಲಿ ಬಾಂಬು ಹೊತ್ತದ್ದೂ ವಿಮಾನವೇ. ಏರುವುದನ್ನು ಕಲಿತ ವೇಗದಲ್ಲಿ ಪ್ರೀತಿಸುವುದನ್ನು ಮನುಷ್ಯ ಕಲಿಯಲಿಲ್ಲ. ಈ ಮಾತನ್ನು ಮರೆತು ಆಕಾಶದ ಸಾಧನೆಯನ್ನು ಹೊಗಳಿದರೆ ನಮ್ಮ ಹೊಗಳಿಕೆ ಅರ್ಧ ಸತ್ಯವಾಗುತ್ತದೆ.

5. ಮೀನುಗಾರರು ಬಿಟ್ಟುಕೊಟ್ಟ ದೇವಾಲಯ

ಈಗ ನಾವು ಕಥೋಲಿಕರಾಗಿ ಎಂದೂ ಮರೆಯಬಾರದ ಘಟನೆಗೆ ಬರೋಣ. 1960ರ ದಶಕದ ಆರಂಭದಲ್ಲಿ ಡಾ. ಸಾರಾಭಾಯಿ ಅವರು ರಾಕೆಟ್ ಹಾರಿಸಲು ಸ್ಥಳ ಹುಡುಕುತ್ತಿದ್ದರು. ಭೂಮಿಯ ಕಾಂತೀಯ ಸಮಭಾಜಕ ರೇಖೆ ತಿರುವನಂತಪುರದ ಹತ್ತಿರ ಹಾದುಹೋಗುತ್ತದೆ. ಮೇಲಿನ ವಾಯುಮಂಡಲದ ಅಧ್ಯಯನಕ್ಕೆ ಅದು ತಕ್ಕ ಜಾಗ. ಅಲ್ಲಿ ಅವರಿಗೆ ಒಪ್ಪಿಗೆಯಾದದ್ದು ತುಂಬಾ ಎಂಬ ಮೀನುಗಾರರ ಹಳ್ಳಿ. ಹಳ್ಳಿಯ ನಡುವೆ ಸಂತ ಮಗ್ದಲದ ಮರಿಯಳ ದೇವಾಲಯ, ಪಕ್ಕದಲ್ಲಿ ಧರ್ಮಾಧ್ಯಕ್ಷರ ಮನೆ, ಸುತ್ತ ಬಡ ಬೆಸ್ತರ ಗುಡಿಸಲುಗಳು.

ಸಾರಾಭಾಯಿ ಅವರು ಧರ್ಮಾಧ್ಯಕ್ಷರಾಗಿದ್ದ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡರು. ಧರ್ಮಾಧ್ಯಕ್ಷರು ತಾವೊಬ್ಬರೇ ತೀರ್ಮಾನ ಹೇಳಲಿಲ್ಲ, ಭಾನುವಾರ ಬರಲು ಹೇಳಿದರು. ಭಾನುವಾರ ಬಲಿಪೂಜೆಗೆ ಸೇರಿದ ಜನರ ಮುಂದೆ ವಿಷಯವಿಟ್ಟರು. ವಿಜ್ಞಾನಿಗಳು ಸತ್ಯವನ್ನು ಹುಡುಕುತ್ತಾರೆ, ಗುರುಗಳು ಜನರ ಒಳಿತಿಗಾಗಿ ಪ್ರಾರ್ಥಿಸುತ್ತಾರೆ, ಎರಡೂ ದೇವರ ಕೆಲಸವೇ ಎಂಬ ಅರ್ಥದಲ್ಲಿ ಮಾತನಾಡಿ, ನಿಮ್ಮ ದೇವಾಲಯವನ್ನೂ ಮನೆಗಳನ್ನೂ ಬಿಟ್ಟುಕೊಡುವಿರಾ ಎಂದು ಕೇಳಿದರು. ಜನ ಆಮೆನ್ ಎಂದರು. ಆ ಹಳ್ಳಿ ಪಕ್ಕದ ಕರಾವಳಿಗೆ ಸರಿಯಿತು. ಅಲ್ಲಿ ಅವರಿಗೆ ಮನೆಗಳೂ ಹೊಸ ದೇವಾಲಯವೂ ಆದವು.

ಬಿಟ್ಟುಕೊಟ್ಟ ದೇವಾಲಯ ವಿಜ್ಞಾನಿಗಳ ಕಚೇರಿಯಾಯಿತು, ಧರ್ಮಾಧ್ಯಕ್ಷರ ಮನೆ ಕಾರ್ಯಾಗಾರವಾಯಿತು. ರಾಕೆಟ್ಟಿನ ಭಾಗಗಳು ಸೈಕಲ್ ಮೇಲೆ ಬಂದವು. ಮುಂದೆ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ ಅವರು ತಮ್ಮ ಕೆಲಸ ಆರಂಭಿಸಿದ್ದು ಆ ಗೋಡೆಗಳ ನಡುವೆಯೇ. 1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಹಾರಿತು. ದೇವಾಲಯ ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಇದನ್ನು ಕೇಳಿ ಹೆಮ್ಮೆಪಡುವುದು ಸುಲಭ. ಸ್ವಲ್ಪ ನಿಂತು ಯೋಚಿಸೋಣ. ತಾವು ಜ್ಞಾನಸ್ನಾನ ಪಡೆದ ದೇವಾಲಯವನ್ನು, ಮಕ್ಕಳ ಮದುವೆ ಮಾಡಿದ ಪೀಠವನ್ನು ಬಿಟ್ಟು ಏಳುವುದು ಸಣ್ಣ ಮಾತೇ? ದೋಣಿ ಎಳೆಯುವ ದಡವನ್ನು ಬಿಟ್ಟು ಸರಿಯುವುದು ಬೆಸ್ತರಿಗೆ ಹೊಲ ಬಿಟ್ಟಂತೆ. ಅವರಲ್ಲಿ ಬಹುಪಾಲು ಜನ ರಾಕೆಟ್ ಎಂದರೇನೆಂದು ಅರಿಯದವರು. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಯೊವಾನ್ನನ ಶುಭಸಂದೇಶದಲ್ಲಿ ಐದು ರೊಟ್ಟಿ ಎರಡು ಮೀನು ಕೊಟ್ಟ ಹುಡುಗನಿಗೂ ಹೆಸರಿಲ್ಲ. ಐದು ಸಾವಿರ ಜನ ಉಂಡದ್ದು ಆ ಹುಡುಗನ ಬುತ್ತಿಯಿಂದ. ತುಂಬಾದ ಜನರು ಕೊಟ್ಟದ್ದೂ ಅಂಥದೇ ಬುತ್ತಿ.

6. ಚಂದ್ರನ ಮೇಲೆ ಕೀರ್ತನೆ

1969ರ ಜುಲೈ 20ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಇಳಿದರು. ಯು.ಆರ್. ರಾವ್ ಅವರಿಗೆ ಆಗ 37 ವರ್ಷ. ರೈಟ್ ಸಹೋದರರ ಮೊದಲ ಹಾರಾಟಕ್ಕೆ 66 ವರ್ಷ ಇನ್ನೂ ತುಂಬಿರಲಿಲ್ಲ. ಹನ್ನೆರಡು ಸೆಕೆಂಡಿನ ಹಾರಾಟದ ದಿನ ಶಾಲೆಗೆ ಹೋಗುತ್ತಿದ್ದ ಮಗು ಎಪ್ಪತ್ತು ದಾಟಿದ ಅಜ್ಜನಾಗಿ ಚಂದ್ರನ ಸುದ್ದಿ ಕೇಳಿತು. ರೈಟ್ ಸಹೋದರರ ಆ ಮೊದಲ ವಿಮಾನದ ಮರದ ಚೂರನ್ನೂ ಬಟ್ಟೆಯ ತುಂಡನ್ನೂ ಆರ್ಮ್‌ಸ್ಟ್ರಾಂಗ್ ಚಂದ್ರನಲ್ಲಿಗೆ ಒಯ್ದಿದ್ದರು. ಮೇಲೆ ಹೋಗುವವನು ಕೆಳಗಿನ ಮೆಟ್ಟಿಲನ್ನು ನೆನೆದ ರೀತಿ ಅದು.

ಜಗದ್ಗುರು ಆರನೆಯ ಪೌಲರು ಆ ರಾತ್ರಿ ಕಸ್ತೆಲ್ ಗಂದೊಲ್ಫೊದಲ್ಲಿದ್ದರು. ಅಲ್ಲಿನ ವತಿಕಾನ್ ವೀಕ್ಷಣಾಲಯದ ದೂರದರ್ಶಕದಿಂದ ಚಂದ್ರನನ್ನು ನೋಡಿದರು, ಆಮೇಲೆ ಟಿ.ವಿ.ಯಲ್ಲಿ ಇಳಿಯುವುದನ್ನು ಕಂಡರು, ಗಗನಯಾತ್ರಿಗಳಿಗೆ ಆಶೀರ್ವಾದದ ಸಂದೇಶ ಕಳಿಸಿದರು. ಐದೂವರೆ ವರ್ಷಗಳ ಹಿಂದೆ, 1964ರ ಜನವರಿಯಲ್ಲಿ, ವಿಮಾನವೇರಿದ ಮೊದಲ ಜಗದ್ಗುರು ಅವರೇ. ಅದೇ ಡಿಸೆಂಬರಿನಲ್ಲಿ ಪರಮಪ್ರಸಾದ ಸಮ್ಮೇಳನಕ್ಕೆ ಮುಂಬಯಿಗೆ ಬಂದವರೂ ಅವರೇ. ಚಂದ್ರನ ಮೇಲೆ ಬಿಟ್ಟುಬಂದ ನಾಣ್ಯದಷ್ಟು ಸಣ್ಣ ತಟ್ಟೆಯೊಂದರಲ್ಲಿ 73 ದೇಶಗಳ ನಾಯಕರ ಶುಭಾಶಯಗಳಿವೆ. ನಮ್ಮ ಇಂದಿರಾ ಗಾಂಧಿಯವರದೂ ಇದೆ. ಜಗದ್ಗುರುಗಳು ಕಳಿಸಿದ್ದು ಎಂಟನೆಯ ಕೀರ್ತನೆಯನ್ನು. ಚಂದ್ರನನ್ನು ನೋಡಿ ಹಾಡಿದ ಹಾಡು ಮೂರು ಸಾವಿರ ವರ್ಷಗಳ ಹತ್ತಿರ ಹತ್ತಿರ ಚಂದ್ರನ ಬಳಿಗೇ ಹೋಗಿ ಸೇರಿತು.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರಲಾರದು. 2013ರಲ್ಲಿ ಮೈಕ್ ಹಾಪ್ಕಿನ್ಸ್ ಎಂಬ ಕಥೋಲಿಕ ಗಗನಯಾತ್ರಿ ಭೂಮಿಯಿಂದ ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ಪರಮಪ್ರಸಾದವನ್ನು ಜೊತೆಗೆ ಒಯ್ದರು. ವಾರಕ್ಕೊಮ್ಮೆ ಒಂದು ಚೂರನ್ನು ಸ್ವೀಕರಿಸುತ್ತಿದ್ದರು. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವವನಿಗೂ ಭಾನುವಾರ ಬೇಕಾಯಿತು. ಬಲಿಪೂಜೆಗೆ ಬರಲು ಬಸ್ಸಿಲ್ಲ, ಬಿಸಿಲು ಎನ್ನುವ ನಮಗೆ ಇದು ಯೋಚಿಸತಕ್ಕ ಮಾತು.

7. ಪೀಣ್ಯದ ಶೆಡ್ಡು, ಮತ್ತೆ ಎತ್ತಿನ ಗಾಡಿ

ಅಮೆರಿಕದಿಂದ ಹಿಂದಿರುಗಿದ ರಾವ್ ಅವರಿಗೆ 1972ರಲ್ಲಿ ದೇಶದ ಮೊದಲ ಉಪಗ್ರಹ ಕಟ್ಟುವ ಹೊಣೆ ಬಂತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕೆಲಸ ಆರಂಭವಾಯಿತು. ಉಪಗ್ರಹ ಕಟ್ಟಿ ಅನುಭವವಿದ್ದವರು ಅಲ್ಲಿ ಯಾರೂ ಇರಲಿಲ್ಲವೆಂದೇ ಹೇಳಬೇಕು. ಎಲ್ಲರೂ ಹೊಸಬರು, ಹುಡುಗರು. ಉಪಗ್ರಹದ ಮಾಹಿತಿ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಬದಲಾಯಿಸಿ ಬಳಸಿದರೆಂದು ರಾವ್ ಅವರೇ ಮುಂದೆ ನಗುತ್ತಾ ನೆನೆಯುತ್ತಿದ್ದರು. 1975ರ ಏಪ್ರಿಲ್ 19ರಂದು ಸುಮಾರು 360 ಕಿಲೋ ತೂಕದ ಆರ್ಯಭಟ ಸೋವಿಯತ್ ನೆಲದಿಂದ ಹಾರಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ವ್ಯವಸ್ಥೆ ಕೆಟ್ಟು ಪ್ರಯೋಗಗಳು ನಿಂತವು. ಆದರೂ ಉಪಗ್ರಹ ಕಟ್ಟುವುದನ್ನು ದೇಶ ಕಲಿತಿತ್ತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಚಿತ್ರ ಆರ್ಯಭಟದ್ದೇ ಎಂದು ಮಕ್ಕಳಿಗೆ ತೋರಿಸಿರಿ.

ಅದೇ ವರ್ಷದ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಕರ್ನಾಟಕ, ಆಂಧ್ರ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸಲಾಯಿತು. ಬೇಸಾಯ, ಆರೋಗ್ಯ, ಶಾಲೆಯ ಪಾಠ. ಹಿಂದಿ, ಒರಿಯಾ, ತೆಲುಗು, ಕನ್ನಡ, ಈ ನಾಲ್ಕು ಭಾಷೆಗಳಲ್ಲಿ. ಆಕಾಶದಿಂದ ಇಳಿದ ಮೊದಲ ಪಾಠಗಳಲ್ಲಿ ನಮ್ಮ ಎರಡೂ ಮಾತುಗಳು ಅಕ್ಕಪಕ್ಕದಲ್ಲಿದ್ದವು.

1981ರಲ್ಲಿ ಆಪಲ್ ಎಂಬ ಉಪಗ್ರಹ ಸಿದ್ಧವಾಯಿತು. ಅದರ ಆಂಟೆನಾ ಪರೀಕ್ಷಿಸುವಾಗ ಸುತ್ತ ಲೋಹವಿದ್ದರೆ ಅಡ್ಡಿಯಾಗುತ್ತಿತ್ತು, ಲಾರಿಯ ಮೇಲೆ ಇಟ್ಟರೆ ಕೆಲಸವಾಗುತ್ತಿರಲಿಲ್ಲ. ವಿಜ್ಞಾನಿಗಳು ಮರದ ಎತ್ತಿನ ಗಾಡಿ ತರಿಸಿ ಉಪಗ್ರಹವನ್ನು ಅದರ ಮೇಲಿಟ್ಟರು. ಆ ಫೋಟೋ ಲೋಕವೆಲ್ಲ ಸುತ್ತಿತು. 1932ರಲ್ಲಿ ವಿಮಾನಕ್ಕೆ ಪೆಟ್ರೋಲು ತಂದ ಎತ್ತಿನ ಗಾಡಿ 1981ರಲ್ಲಿ ಉಪಗ್ರಹವನ್ನೂ ಹೊತ್ತಿತು. ಇದನ್ನು ಬಡತನದ ಚಿತ್ರವೆಂದು ಕೆಲವರು ನಕ್ಕರು. ಗಾಡಿ ಹೊಡೆದು ಬದುಕಿದ ಮನೆತನಗಳಿಂದ ಬಂದ ನಮಗೆ ಅದು ನಗುವ ಚಿತ್ರವಲ್ಲ.

8. ಕೊಟ್ಟದ್ದು ಹಿಂದಿರುಗಿತೇ?

ತುಂಬಾದ ಬೆಸ್ತರು ಕೊಟ್ಟದ್ದಕ್ಕೆ ಬೆಸ್ತರಿಗೆ ಏನು ಸಿಕ್ಕಿತು? 1977ರ ನವೆಂಬರಿನಲ್ಲಿ ನಮ್ಮ ಆಂಧ್ರದ ಕರಾವಳಿಯ ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿತು. ಕಡಲು ಊರೊಳಗೆ ನುಗ್ಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮೀನುಗಾರರೂ ಕೂಲಿಗಳೂ ಎಷ್ಟೋ ಮಂದಿ. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಭಾರಿ ಚಂಡಮಾರುತ ಒಡಿಶಾ ಮತ್ತು ಉತ್ತರ ಆಂಧ್ರದತ್ತ ಬಂತು. ಈ ಸಲ ಉಪಗ್ರಹಗಳು ಅದನ್ನು ದಿನಗಳ ಮುಂಚೆಯೇ ಗುರುತಿಸಿದವು, ಲಕ್ಷಾಂತರ ಜನರನ್ನು ಕರಾವಳಿಯಿಂದ ಸಾಗಿಸಲಾಯಿತು, ಸಾವು ಕೆಲವು ಹತ್ತುಗಳಿಗೆ ನಿಂತಿತು. ಬೆಸ್ತರು ಬಿಟ್ಟುಕೊಟ್ಟ ದಡದಿಂದ ಆರಂಭವಾದ ಕೆಲಸ ಐವತ್ತು ವರ್ಷಗಳ ನಂತರ ಬೇರೊಂದು ದಡದ ಬೆಸ್ತರನ್ನು ಉಳಿಸಿತು. ದೇವರ ಲೆಕ್ಕದಲ್ಲಿ ಕೊಟ್ಟದ್ದು ಕಳೆದುಹೋಗುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಮಳೆಯನ್ನೇ ನಂಬಿದ ನಮ್ಮ ಕಡಲೆಕಾಯಿ ಬೆಳೆಗಾರರಿಗೆ ಹವಾಮಾನದ ಮುನ್ಸೂಚನೆ ಮೊಬೈಲಿಗೆ ಬರುವುದೂ ಅದೇ ಆಕಾಶದ ಕಣ್ಣುಗಳಿಂದ. ಮುನ್ಸೂಚನೆ ಬಂದ ಮಾತ್ರಕ್ಕೆ ಮಳೆ ಬರುವುದಿಲ್ಲ, ಸಾಲ ತೀರುವುದಿಲ್ಲ ಎಂಬುದೂ ನಿಜ. ಆಕಾಶದಲ್ಲಿ ಕಣ್ಣಿಟ್ಟವರು ನೆಲದ ಬಾವಿಗಳ ಕಡೆಗೂ ನೋಡಬೇಕೆಂದು ಕೇಳುವ ಹಕ್ಕು ನಮಗಿದೆ.

ಇನ್ನು ಸೋಲಿನ ಪಾಠ. 2019ರ ಜುಲೈ 22ರಂದು ಚಂದ್ರಯಾನ-2 ಶ್ರೀಹರಿಕೋಟದಿಂದ ಹೊರಟಿತು. ಜುಲೈ 22 ಎಂದರೆ ಸಂತ ಮಗ್ದಲದ ಮರಿಯಳ ಹಬ್ಬ. ತುಂಬಾದ ಆ ದೇವಾಲಯದ ಪಾಲಕಿಯ ದಿನ. ಸೆಪ್ಟೆಂಬರ್ 7ರ ನಸುಕಿನಲ್ಲಿ, ನೆಲ ಮುಟ್ಟಲು ಸುಮಾರು ಎರಡು ಕಿಲೋಮೀಟರ್ ಇದ್ದಾಗ, ಇಳಿಯುವ ಯಂತ್ರದ ಸಂಪರ್ಕ ಕಡಿಯಿತು. ದೇಶವೇ ಕಣ್ಣೀರಿಟ್ಟಿತು. ಖಾಲಿ ಸಮಾಧಿಯ ಮುಂದೆ ಅಳುತ್ತಾ ನಿಂತರೂ ಮಗ್ದಲದ ಮರಿಯಳು ಜಾಗ ಬಿಟ್ಟು ಹೋಗಲಿಲ್ಲ. ಅದಕ್ಕೇ ಪುನರುತ್ಥಾನದ ಪ್ರಭುವನ್ನು ಮೊದಲು ಕಂಡಳು. ವಿಜ್ಞಾನಿಗಳೂ ಬಿಟ್ಟು ಹೋಗಲಿಲ್ಲ. ತಪ್ಪು ಎಲ್ಲಾಯಿತೆಂದು ನಾಲ್ಕು ವರ್ಷ ಹುಡುಕಿ ತಿದ್ದಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯಿತು. ಆ ಕಡೆ ಇಳಿದ ಮೊದಲ ದೇಶ ನಮ್ಮದು. ಅದನ್ನು ನಡೆಸಿದ ಕೇಂದ್ರ ಇರುವುದು ಪೀಣ್ಯದಲ್ಲೇ, ಆರ್ಯಭಟ ರೂಪುಗೊಂಡ ಆ ಶೆಡ್ಡುಗಳ ನೆರೆಯಲ್ಲಿ.

ಯು.ಆರ್. ರಾವ್ ಅವರು ಅದನ್ನು ಕಾಣಲಿಲ್ಲ. 82ನೆಯ ವಯಸ್ಸಿನಲ್ಲಿ, 2014ರ ಸೆಪ್ಟೆಂಬರ್ 24ರಂದು, ಮಂಗಳಯಾನ ಮಂಗಳ ಗ್ರಹವನ್ನು ಮುಟ್ಟಿದ್ದನ್ನು ಕಂಡರು. 2017ರ ಜುಲೈ 24ರಂದು ತೀರಿಕೊಂಡರು. ಬಳ್ಳಾರಿಗೆ ಅಂಚೆ ವಿಮಾನ ಬಂದ ವರ್ಷ ಹುಟ್ಟಿದವರ ಕಣ್ಣು ಮಂಗಳದವರೆಗೆ ಹೋಯಿತು. ಅವರು ನೆಟ್ಟ ಮರದ ಇನ್ನಷ್ಟು ಹಣ್ಣು ಬೇರೆಯವರಿಗೆ ದಕ್ಕಿತು. ಮೋಶೆಯೂ ವಾಗ್ದತ್ತ ನಾಡನ್ನು ಬೆಟ್ಟದ ಮೇಲಿಂದ ನೋಡಿದವನೇ ಹೊರತು ಅದರೊಳಗೆ ಕಾಲಿಟ್ಟವನಲ್ಲ.

9. ನಾವು ಕಲಿಯಬೇಕಾದದ್ದು

ಮೊದಲನೆಯದು, ಬೆರಗನ್ನು ಕಳೆದುಕೊಳ್ಳಬಾರದು. ಚಂದ್ರನಲ್ಲಿಗೆ ಹೋದ ಮಾತ್ರಕ್ಕೆ ಎಂಟನೆಯ ಕೀರ್ತನೆ ಹಳೆಯದಾಗಲಿಲ್ಲ. ಅಷ್ಟು ಚಿಕ್ಕ ಮನುಷ್ಯನಿಗೆ ದೇವರು ಇಷ್ಟು ಬುದ್ಧಿ ಕೊಟ್ಟರಲ್ಲ ಎಂದು ಆ ಹಾಡಿಗೆ ಇನ್ನೊಂದು ಕಾರಣ ಸೇರಿತು. ವಿಜ್ಞಾನ ಓದಿದರೆ ಮಕ್ಕಳು ವಿಶ್ವಾಸ ಬಿಡುತ್ತಾರೆಂಬ ಭಯ ಬೇಡ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಹೇಳಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಂ ದೇಶದ ಕಥೋಲಿಕ ಗುರುಗಳು. ಚಂದ್ರನ ಮೂವತ್ತಕ್ಕೂ ಹೆಚ್ಚು ಕುಳಿಗಳಿಗೆ ಯೇಸುಸಭೆಯ ಗುರುಗಳ ಹೆಸರಿದೆ.

ಎರಡನೆಯದು, ಎತ್ತರವನ್ನು ಅಳೆಯುವ ಕೋಲು ಯಾವುದೆಂದು ತಿಳಿದಿರಬೇಕು. ಎಷ್ಟು ಮೇಲೆ ಹೋದೆ ಎಂದು ಲೋಕ ಕೇಳುತ್ತದೆ. ಕೆಳಗಿದ್ದವರಿಗೆ ಏನು ತಂದೆ ಎಂದು ದೇವರು ಕೇಳುತ್ತಾರೆ. ನಾಗಸಾಕಿಯ ವಿಮಾನ ಮತ್ತು ಫೈಲಿನ್ ಕಂಡ ಉಪಗ್ರಹ, ಎರಡನ್ನೂ ಈ ಕೋಲಿನಿಂದ ಅಳೆದು ನೋಡಿರಿ. ಓದಿ ಬೆಂಗಳೂರಿಗೋ ಹೊರದೇಶಕ್ಕೋ ಹಾರಿದ ನಮ್ಮ ಮಕ್ಕಳನ್ನೂ ಇದೇ ಪ್ರೀತಿಯ ಪ್ರಶ್ನೆಯಿಂದ ಬೀಳ್ಕೊಡೋಣ. ಹೋಗು, ಮೇಲೇರು, ಬುತ್ತಿ ಕಟ್ಟಿಕೊಟ್ಟವರನ್ನು ಮರೆಯಬೇಡ.

ಮೂರನೆಯದು, ನಾವು ಅಲ್ಪರೆಂದು ಕೈಕಟ್ಟಿ ಕೂರಬಾರದು. ಆಂಧ್ರದಲ್ಲಿ ಕನ್ನಡಿಗರು, ಕನ್ನಡಿಗರಲ್ಲಿ ಕಥೋಲಿಕರು. ಹಲವು ಭಾಷೆಗಳ ಧರ್ಮಕ್ಷೇತ್ರದಲ್ಲಿ ನಮ್ಮ ಕನ್ನಡ ಬಲಿಪೂಜೆಗೆ ಸೇರುವವರು ಕೆಲವೇ ಮನೆಗಳವರು. ನಮ್ಮಿಂದ ಏನಾದೀತು ಎಂಬ ಮಾತು ನಮ್ಮ ಬಾಯಲ್ಲಿ ಆಗಾಗ ಬರುತ್ತದೆ. ತುಂಬಾದ ಬೆಸ್ತರೂ ಕೆಲವೇ ಮನೆಗಳವರು. ಅನಂತಪುರದ ತರಗತಿಯಲ್ಲಿ ಕುಳಿತಿದ್ದವನೂ ಒಬ್ಬನೇ ಹುಡುಗ. ಕನ್ನಡವನ್ನೂ ತೆಲುಗನ್ನೂ ಒಟ್ಟಿಗೆ ಬಲ್ಲ ನಮ್ಮ ಮಕ್ಕಳಿಗೆ ಎರಡು ಕಿಟಕಿಗಳಿವೆ. ಪ್ರಾರ್ಥನೆಯ ಕನ್ನಡವನ್ನು ಅವರ ಬಾಯಿಂದ ಜಾರಿಹೋಗಲು ಬಿಡದೆ, ಶಾಲೆಯ ಪಾಠವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸೋಣ.

ನಾಲ್ಕನೆಯದು, ಹಿರಿಯರನ್ನು ಕೇಳೋಣ. ಇಷ್ಟೊಂದು ಬದಲಾವಣೆಯನ್ನು ಒಂದೇ ಬಾಳಿನಲ್ಲಿ ಕಂಡ ತಲೆಮಾರು ಹಿಂದೆ ಇರಲಿಲ್ಲ. ಅವರು ಹೋದರೆ ಆ ನೆನಪೂ ಹೋಗುತ್ತದೆ. ಗಾಡಿಯಲ್ಲಿ ಹಬ್ಬಕ್ಕೆ ಹೋದದ್ದು, ಮೊದಲ ಸಲ ರೇಡಿಯೋ ಕೇಳಿದ್ದು, ಊರಿಗೆ ಬಂದ ಮೊದಲ ಗುರುಗಳ ಸೈಕಲ್ಲು, ಇವೆಲ್ಲ ನಮ್ಮ ಧರ್ಮಕೇಂದ್ರದ ಚರಿತ್ರೆಯೇ. ಧರ್ಮೋಪದೇಶದ ಮಕ್ಕಳು ಒಬ್ಬೊಬ್ಬ ಅಜ್ಜ ಅಜ್ಜಿಯ ಬಳಿ ಕುಳಿತು ಅದನ್ನು ಕನ್ನಡದಲ್ಲೇ ಬರೆದುಕೊಳ್ಳಲಿ.

ಕೊನೆಯದಾಗಿ, ಪ್ರಭು ಸ್ವರ್ಗಾರೋಹಣ ಮಾಡಿದಾಗ ಶಿಷ್ಯರು ಆಕಾಶ ನೋಡುತ್ತಲೇ ನಿಂತಿದ್ದರು. ಬಿಳಿಯುಡುಪಿನ ಇಬ್ಬರು ಬಂದು ಅವರನ್ನು ಎಚ್ಚರಿಸಿ ಊರಿಗೆ ಕಳಿಸಿದರು. ಶಿಷ್ಯರು ಜೆರುಸಲೇಮಿಗೆ ಹಿಂದಿರುಗಿ ಒಂದೇ ಮನಸ್ಸಿನಿಂದ ಪ್ರಾರ್ಥಿಸಿದರು, ಹಸಿದವರಿಗೆ ಹಂಚಿದರು. ಆಕಾಶವನ್ನು ನೋಡಿದವರಿಗೆ ನೆಲದಲ್ಲಿ ಕೆಲಸವಿದೆ.

ಮನೆಯಲ್ಲಿ, ಕಿರುಸಮುದಾಯದಲ್ಲಿ ಚರ್ಚಿಸಲು

1. ತುಂಬಾದ ದೇವಾಲಯದಲ್ಲಿ ಆ ಭಾನುವಾರ ನಾವು ಕುಳಿತಿದ್ದರೆ ಆಮೆನ್ ಎನ್ನುತ್ತಿದ್ದೆವೇ? ಏನು ಕೇಳಿ ತಿಳಿದ ಮೇಲೆ ಹೇಳುತ್ತಿದ್ದೆವು?
2. ನಮ್ಮ ಊರಿಗೆ ಬಂದ ಹೊಸ ಸೌಕರ್ಯಗಳಲ್ಲಿ ಯಾವುದು ಬಡವರಿಗೆ ನಿಜವಾಗಿ ತಲುಪಿದೆ, ಯಾವುದು ತಲುಪಿಲ್ಲ?
3. ನಮ್ಮ ಮನೆಯ ಅತಿ ಹಿರಿಯರು ಕಂಡ ಅತಿ ದೊಡ್ಡ ಬದಲಾವಣೆ ಯಾವುದು? ಅದರಿಂದ ಅವರ ಪ್ರಾರ್ಥನೆ ಬದಲಾಯಿತೇ?
4. ದೂರದಲ್ಲಿ ದುಡಿಯುವ ಮಕ್ಕಳು ಊರಿನ ವಿಶ್ವಾಸಿಗಳೊಂದಿಗೆ ನಂಟು ಉಳಿಸಿಕೊಳ್ಳಲು ನಾವು ಏನು ಮಾಡಬಹುದು?

ಪ್ರಾರ್ಥನೆ

ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ತಂದೆಯೇ, ನಮಗೆ ಬುದ್ಧಿಯ ರೆಕ್ಕೆ ಕೊಟ್ಟಿದ್ದೀರಿ, ನಿಮಗೆ ವಂದನೆ. ಆ ರೆಕ್ಕೆಗಳು ಯಾರ ಮೇಲೂ ಸಾವಿನ ನೆರಳಾಗದಿರಲಿ. ಆಕಾಶದಲ್ಲಿ ಪಯಣಿಸುವವರನ್ನೂ ನೆಲದಲ್ಲಿ ಅವರಿಗಾಗಿ ಕಾದಿರುವವರನ್ನೂ ಕಾಪಾಡಿರಿ. ಹೆಸರಿಲ್ಲದೆ ಕೊಟ್ಟವರನ್ನು ನೀವು ಹೆಸರು ಹಿಡಿದು ಕರೆಯಿರಿ. ನಮ್ಮಲ್ಲಿರುವ ಐದು ರೊಟ್ಟಿ ಎರಡು ಮೀನನ್ನು ಬಚ್ಚಿಡದೆ ನಿಮ್ಮ ಕೈಗಿಡುವ ಮನಸ್ಸು ಕೊಡಿರಿ. ಲೊರೆತೊ ಮಾತೆಯ ಬಿನ್ನಹದೊಂದಿಗೆ, ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.